ಸೀಸದ ಕೌದಿ

ನಮ್ಮ ಮನೆಯ ಸೋಫಾದ ನಿಜವಾದ ಬಣ್ಣ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಸೊಸೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗಲೇ ಅದರ ಮೇಲೊಂದು ಹೊದಿಕೆ ಇತ್ತು. ಹೊದಿಕೆ ಕೊಳೆಯಾಗದಿರಲೆಂದು ಅದರ ಮೇಲೆ ಇನ್ನೊಂದು. ಟೀವಿಗೆ ಕಸೂತಿ ಬಟ್ಟೆ, ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಫ್ರಿಜ್ಜಿಗೆ ಜಾಲರಿ ಅಂಚಿನ ಟೊಪ್ಪಿಗೆ. ಇದೆಲ್ಲ ನಮ್ಮ ಮಾವ ಈರಬಸಪ್ಪನವರ ವ್ಯವಸ್ಥೆ. ರವಿವಾರ ಪೇಠೆ ಎಂಬ ಬಡಾವಣೆಯಲ್ಲಿ ಅವರದು ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣದ ಅಂಗಡಿ. ಮುಚ್ಚಿಟ್ಟರೆ ಯಾವ ಮಾಲೂ ಕೆಡುವುದಿಲ್ಲವೆಂದು ಅವರು ನಂಬಿದ್ದರು. ಅಂಗಡಿ ಚೆನ್ನಾಗಿ ನಡೆಯುತ್ತಿದ್ದುದರಿಂದ ಯಾರೂ ವಾದಕ್ಕೆ ಇಳಿದಿರಲಿಲ್ಲ.

1997ರಲ್ಲಿ ನನ್ನ ಮಗಳು ರೇಣು ನಡೆಯಲು ಕಲಿತಳು. ಎಡಗಾಲು ಊರಿದಾಗಲೆಲ್ಲ ಮೈ ಎಡಕ್ಕೆ ವಾಲುತ್ತಿತ್ತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು, ಏಕೆಂದರೆ ನಮ್ಮ ಅತ್ತೆ ನಾಗವ್ವನವರೂ ಹಾಗೆಯೇ ನಡೆಯುತ್ತಾರೆ.

"ಥೇಟ್ ಆಯಿ ನಡದಂಗ ನಡೀತದ ನೋಡ್ರಿ ಕೂಸು!" ಎಂದು ಬಂದವರಿಗೆಲ್ಲ ತೋರಿಸಿದ್ದಾಯಿತು. ಹುಟ್ಟಿದಾಗಲೇ ಮೂಗು ಅಜ್ಜನಿಗೆ, ಗದ್ದ ಅಪ್ಪನಿಗೆ ಎಂದು ಹಂಚಿಕೆ ಮುಗಿದಿತ್ತು. ಈಗ ನಡಿಗೆ ಆಯಿಯ, ಅಂದರೆ ಅಜ್ಜಿಯ, ಪಾಲಿಗೆ ಹೋಯಿತು. ನಾನೂ ಕೆಲವು ದಿನ ಹೆಮ್ಮೆಪಟ್ಟೆ. ಆಮೇಲೊಮ್ಮೆ ಸ್ನಾನ ಮಾಡಿಸಿ ಕಾಲು ನೀವುವಾಗ ಎಡಗಾಲು ಬಲಗಾಲಿಗಿಂತ ಗಿಡ್ಡ ಅನಿಸಿತು. ಮತ್ತೆ ಜೋಡಿಸಿ ನೋಡಿದೆ. ಗಿಡ್ಡವೇ ಇತ್ತು. ಮರುದಿನವೇ ಆಸ್ಪತ್ರೆಗೆ ಎತ್ತಿಕೊಂಡು ಹೋದೆ.

ಲಸಿಕೆ ಹಾಕುವ ಡಾಕ್ಟರು ಸೊಂಟದ ಎಕ್ಸ್‌ರೇ ತೆಗೆಸಿರೆಂದರು. ಎಕ್ಸ್‌ರೇ ಎಂಬ ಪದ ಕೇಳುತ್ತಲೇ ಮಾವ ನಿಂತಲ್ಲೇ ನಿಂತರು. ಆ ಕಿರಣ ಮಕ್ಕಳಿಗೆ ಒಳ್ಳೆಯದಲ್ಲ, ಹೆಣ್ಣುಮಕ್ಕಳ ಕಿಬ್ಬೊಟ್ಟೆಗಂತೂ ಬಿಲ್‌ಕುಲ್ ಅಲ್ಲ ಎಂದು ಅವರು ಪೇಪರಿನಲ್ಲಿ ಓದಿದ್ದರು.

"ಮುಚ್ಚಲಾರದ ತಗಸೂದಾ? ನಾಳೆ ಅಕಿಗೂ ಮಕ್ಕಳಾಗಬೇಕಲ್ಲ?" ಎಂದರು.

ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ತೊಂದರೆ. ಮಾವನವರದು ಪೂರ್ತಿ ತಪ್ಪಾಗಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ.

ಭವಾನಿ ಪೇಠೆಯ ಹಳೇ ಲೋಹದ ಅಂಗಡಿಯಿಂದ ಅವರು ಸೀಸದ ತಗಡು ತಂದರು. ಮೊಮ್ಮಕ್ಕಳಿಗೆಲ್ಲ ಅತ್ತೆ ಹಳೆಯ ಸೀರೆಗಳ ಪದರ ಜೋಡಿಸಿ ಒಂದೊಂದು ಕೌದಿ ಹೊಲಿಯುವುದು ನಮ್ಮಲ್ಲಿ ರೂಢಿ. ರೇಣುವಿನ ಕೌದಿ ಅರ್ಧ ಆಗಿತ್ತು. ಮಾವ ತಗಡನ್ನು ಅದರ ನಡುವೆ ಇಟ್ಟು ಹೊಲಿಯೆಂದರು. ಅತ್ತೆ ಏನೂ ಕೇಳದೆ ಹೊಲಿದರು. ಗಂಡನ ಮಾತಿಗೆ ಅವರು ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ಹೊರಗೆ ಹೊರಟರೂ ಅಷ್ಟೇ: ಮಾವ ಯಾವಾಗಲೂ ಮುಂದೆ, ಅತ್ತೆ ಬಹಳ ಹಿಂದೆ. ವ್ಯಾಪಾರಸ್ಥರಿಗೆ ಅವಸರ ಇದ್ದದ್ದೇ ಎಂದು ನಾನು ತಿಳಿದಿದ್ದೆ.

ಮನೆಯ ಹತ್ತಿರದ ಎಕ್ಸ್‌ರೇ ಕ್ಲಿನಿಕ್ಕಿನವರು ಕೌದಿ ಎತ್ತಿ ನೋಡಿ, ಇದನ್ನು ಹೊದಿಸಿದರೆ ಏನೂ ಕಾಣುವುದಿಲ್ಲವೆಂದು ಮರಾಠಿಯಲ್ಲಿ ಹೇಳಿದರು. ಮಾವ ಗಿರಾಕಿಯೊಂದಿಗೆ ಮಾತಾಡುವ ಹಾಗೆ ಮಾತಾಡತೊಡಗಿದರು. ನಗುತ್ತ, ಚಹಾ ತರಿಸುತ್ತ, ಒಂದಿಂಚೂ ಬಿಟ್ಟುಕೊಡದೆ. ಕೊನೆಗೆ ಕ್ಲಿನಿಕ್ಕಿನ ಆ ಮನುಷ್ಯ ಕೈಚೆಲ್ಲಿ, ಹೊದಿಸಿಯೇ ತೆಗೆದ. ಕೌದಿಯ ಭಾರದ ಕೆಳಗೆ ಕೂಸು ಕಾಲಾಡಿಸುವುದಿರಲಿ, ಅಳುವುದನ್ನೂ ಮರೆಯಿತು.

ಫಿಲ್ಮಿನಲ್ಲಿ ಮೇಲೆ ಪಕ್ಕೆಲುಬು ಇತ್ತು, ಕೆಳಗೆ ಮೊಣಕಾಲು ಇತ್ತು, ನಡುವೆ ಸೊಂಟವಿರಬೇಕಾದಲ್ಲಿ ಬೆಳ್ಳಗಿತ್ತು. 'ಕಂಡಷ್ಟು ಭಾಗ ಸರಿಯಾಗಿದೆ' ಎಂದು ಬರೆದುಕೊಟ್ಟರು. ಮಾವ ಅದರಲ್ಲಿ 'ಸರಿಯಾಗಿದೆ' ಎಂಬುದನ್ನು ಓದಿ ಪೇಢೆ ಹಂಚಿದರು. ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಡ್ಯೂಟಿಯಲ್ಲಿದ್ದ ನನ್ನ ಗಂಡ ರೋಹಿತನಿಗೆ ಫೋನಿನಲ್ಲೇ ಶುಭವಾರ್ತೆ ಮುಟ್ಟಿತು. ನಾನು ಪೇಢೆ ಮುಟ್ಟಲಿಲ್ಲ. ರೇಣು ಇನ್ನೂ ವಾಲುತ್ತಲೇ ಇದ್ದಳು.

ನನ್ನ ಕಿರಿಕಿರಿ ತಾಳಲಾರದೆ ಕೆಲವು ವಾರಗಳ ಮೇಲೆ ಮೂಳೆ ಡಾಕ್ಟರ್ ಮಾರ್ತಾಂಡ ಅವರಲ್ಲಿಗೆ ಹೋಗಲು ಮಾವ ಒಪ್ಪಿದರು. ಮಾವ, ಅತ್ತೆ, ನಾನು, ಕೂಸು, ಕೌದಿ, ಇಷ್ಟು ಜನ ಹೊರಟೆವು. ರಿಕ್ಷಾದವನು ಕೌದಿ ಎತ್ತಿಡಲು ಹೋಗಿ ನಮ್ಮ ಮುಖ ನೋಡಿದ.

ಡಾಕ್ಟರ್ ಬೆಳಗಾವಿಯವರು, ಮಾತು ಅರ್ಧ ಕನ್ನಡ ಅರ್ಧ ಮರಾಠಿ. ಹಳೆಯ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಸೀಸ ಛಲೋ ಅದ. ಎಲ್ಲೂ ತೂತಿಲ್ಲ."

"ಭವಾನಿ ಪೇಠೆ ಮಾಲ್‌ರೀ" ಎಂದರು ಮಾವ, ತೃಪ್ತಿಯಿಂದ.

"ಆದ್ರ ಕಾಕಾ, ನಾವು ನೋಡಬೇಕಾದ ಜಾಗಾನೂ ಅಲ್ಲೇ ಅದ. ಗಂಡುಹುಡುಗರದಾದ್ರ ಕೀಲು ಬಿಟ್ಟು ಕೆಳಗ ಮುಚ್ಚಬಹುದು. ಹೆಣ್ಣುಕೂಸಿಗೆ ನೀವು ಕಾಯಬೇಕಂತೀರಲ್ಲ, ಅದು ಈ ಕೀಲಿನ ಮಗ್ಗಲಾಗ ಅದ. ಅದನ್ನ ಮುಚ್ಚಿದ್ರ ಇದೂ ಮುಚ್ಚತದ. ಮೊದಲನೇ ಫೋಟೋ ತೆರದನ ತಗೀಬೇಕು."

"ಅಪಾಯ ಇಲ್ಲಂತ ಬರದು ಕೊಡ್ತೀರೇನು?"

"ಇಲ್ಲ. ಸ್ವಲ್ಪ ಅದ, ಭಾಳ ಸ್ವಲ್ಪ. ಆದ್ರ ತೊಡಿ ಎಲುಬಿನ ಗುಂಡು ಬಟ್ಟಲದಾಗ ಕೂತಿಲ್ಲಂದ್ರ ಈಗ ಸರಸಿ ಕೂಡ್ರಿಸಿ ಪ್ಲಾಸ್ಟರ್ ಹಾಕಬಹುದು. ಇನ್ನೆರಡು ಮೂರು ತಿಂಗಳು ಹೋದ್ರ ಕೊಯ್ದು ಎಲುಬು ಕಡೀಬೇಕು. ಆಮ್ಯಾಲ ಸುದ್ದ ನಡಿಗಿ ಪೂರಾ ನೆಟ್ಟಗಾಗತದ ಅಂತ ನಾ ಹೇಳಾಕಾಗೂದಿಲ್ಲ."

ಮಾವ ಕೌದಿಯನ್ನು ಎದೆಗೆ ಅವುಚಿಕೊಂಡರು. "ಒಮ್ಮೆ ಆ ಕಿರಣ ತಗೊಂಡಾಗೇದ. ಈಗ ಇನ್ನೊಮ್ಮೆ, ಅದೂ ಬರೇ ಮೈಗೆ? ಬ್ಯಾಡ್ರಿ. ನಡೀರಿ ಮನಿಗೆ."

ಮೊದಲ ಸಲ ತೆರೆದೇ ತೆಗೆಸಿದ್ದರೆ ಎರಡನೆಯ ಸಲದ ಮಾತೇ ಬರುತ್ತಿರಲಿಲ್ಲ ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೂಸನ್ನೆತ್ತಿಕೊಂಡು, ಈ ಮನುಷ್ಯನನ್ನು ಇಲ್ಲೇ ಬಿಟ್ಟು ಎಕ್ಸ್‌ರೇ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳಲೇ ಎಂದು ಯೋಚಿಸುತ್ತಿದ್ದೆ. ಮಾವ ಆಗಲೇ ಬಾಗಿಲಲ್ಲಿದ್ದರು. ಅತ್ತೆ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಏ, ಏಳು" ಎಂದರು ಮಾವ.

"ಏಳ್ತೀನ್ರಿ. ಒಂದು ಮಾತು ಹೇಳಿ ಏಳ್ತೀನಿ." ಅತ್ತೆ ಡಾಕ್ಟರ ಕಡೆ ತಿರುಗಿದರು. "ನನ್ನ ನೋಡಾಕ ಬರೂಕಿಂತ ಮೊದಲ ನಮ್ಮಪ್ಪ ನನ್ನ ಜಮಖಾನಿ ಮ್ಯಾಲ ಕೂಡ್ರಿಸಿದ್ದ. ಬೀಗರು ಅವಲಕ್ಕಿ ತಿಂದು, ಚಹಾ ಕುಡದು, ಓಣಿ ದಾಟೂತನಕ ಏಳಬ್ಯಾಡ ಅಂದಿದ್ದ. ನಾ ಏಳಲಿಲ್ಲ. ಕುಂತಾಕೀನ್ನ ನೋಡಿ ಇವರು ಒಪ್ಪಿದ್ರು."

ನನಗೆ ಇದು ಗೊತ್ತೇ ಇರಲಿಲ್ಲ.

"ಛಲೋ ಆಗ್ಲಿ ಅಂತನ ಮುಚ್ಚಿದ್ದ ನಮ್ಮಪ್ಪ. ಮದುವಿ ಆಗಿ ಗುಡಿಗೆ ಹೊಂಟಾಗ ಇವರಿಗೆ ನನ್ನ ನಡಿಗಿ ಕಾಣಿಸ್ತು. ಬೈಲಿಲ್ಲ, ಬಡೀಲಿಲ್ಲ, ತವರಿಗೆ ಕಳಿಸಲಿಲ್ಲ. ಮಂದಿಗೆ ಇಬ್ಬರೂ ಕೂಡಿ ಕಾಣಬಾರದಂತ ಮುಂದ ಮುಂದ ನಡದ್ರು. ಇನ್ನೂ ಹಂಗ ನಡದಾರ. ನಾ ಆ ಬೆನ್ನು ನೋಡಕೋತ ಮುದುಕಿ ಆದೆ."

ಆಮೇಲೆ ಅತ್ತೆ ಎದ್ದರು. ಸೀರೆಯ ನಿರಿಗೆಯನ್ನು ಕಾಲು ಕಾಣುವಷ್ಟು ಎತ್ತಿ ಹಿಡಿದು ಡಾಕ್ಟರ ಮೇಜಿನಿಂದ ಬಾಗಿಲವರೆಗೆ ನಡೆದರು, ಅಲ್ಲಿಂದ ತಿರುಗಿ ಬಂದರು. ಎಡಗಾಲು ಊರಿದಾಗಲೆಲ್ಲ ಮೈ ಎಡಕ್ಕೆ ವಾಲುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳೂ ಇಣುಕಿ ನೋಡಿದರು. ನನ್ನ ಕಂಕುಳಲ್ಲಿದ್ದ ರೇಣು ಮಾತ್ರ ಆಯಿ ಆಟ ಆಡಿಸುತ್ತಿದ್ದಾಳೆಂದು ಕೇಕೆ ಹಾಕಿದಳು.

"ನೋಡಿದ್ರಿಲ್ಲೋ ಡಾಕ್ಟರ? ಕೂಸಿಂದೂ ಇದ ನಡಿಗಿ. ತಗೀರಿ ನಿಮ್ಮ ಎಕ್ಸ್‌ರೇ. ಏನೂ ಮುಚ್ಚಬ್ಯಾಡ್ರಿ."

ಅತ್ತೆ ಮಾವನ ತೋಳಿನಿಂದ ಕೌದಿಯನ್ನು ತೆಗೆದುಕೊಂಡು ಕುರ್ಚಿಯ ಮೇಲಿಟ್ಟರು. ಕುರ್ಚಿ ಕಿರ್ರೆಂದಿತು. ಮಾವ ತಡೆಯಲಿಲ್ಲ. ಅವರ ಕೈಗಳು ಕೌದಿ ಹಿಡಿದ ಆಕಾರದಲ್ಲೇ ಉಳಿದಿದ್ದವು. ನನಗೆ ಅವರ ಮೇಲಿದ್ದ ಸಿಟ್ಟಿನ ಜೊತೆಗೆ ಪಾಪವೆಂದೂ ಅನಿಸಿತು.

ಕೂಸಿನ ಕಾಲು ಹಿಡಿಯಲು ಅತ್ತೆಯೇ ನಿಂತರು. ಡಾಕ್ಟರು ಅವರಿಗೆ ಸೀಸದ ದೊಡ್ಡ ಏಪ್ರನ್ ತೊಡಿಸಿದರು. ಮಾವ ಅದನ್ನು ಕಂಡು ಕೊನೆಯದೊಂದು ಆಕ್ಷೇಪಣೆ ಎತ್ತಿದರು: "ಮುದುಕಿಗೆ ಮುಚ್ಚತೀರಿ, ಕೂಸಿಗೆ ಇಲ್ಲೇನು?"

"ಈಗ ಅವರ ಎಲುಬು ನೋಡೂದಿಲ್ಲ ಕಾಕಾ" ಎಂದರು ಡಾಕ್ಟರು.

ಈ ಸಲ ಫಿಲ್ಮಿನಲ್ಲಿ ಎಲ್ಲ ಕಂಡಿತು. ಬಲಗಡೆ ಎಲುಬಿನ ಗುಂಡು ತನ್ನ ಬಟ್ಟಲಿನಲ್ಲಿತ್ತು. ಎಡಗಡೆಯದು ಬಟ್ಟಲು ಬಿಟ್ಟು ಮೇಲೆ, ಹೊರಗೆ ಕೂತಿತ್ತು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ಅಲ್ಲೇ ಅಳು ಬಂತು. ಅಳುತ್ತಲೇ, ಸದ್ಯ ಕಂಡಿತಲ್ಲ ಎಂದು ಸಮಾಧಾನವೂ ಆಯಿತು. ಮಾವ ಆ ಫಿಲ್ಮಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಒಮ್ಮೆ ಅದನ್ನು ನೋಡುತ್ತಿದ್ದರು, ಒಮ್ಮೆ ಏಪ್ರನ್ ಬಿಚ್ಚುತ್ತಿದ್ದ ಹೆಂಡತಿಯನ್ನು.

ಮರುವಾರವೇ ಡಾಕ್ಟರು ಅರಿವಳಿಕೆ ಕೊಟ್ಟು ಗುಂಡನ್ನು ಕೂಡ್ರಿಸಿ, ಎದೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಕೊನೆಗೂ ಕೂಸಿಗೆ ಸರಿಯಾದ ಹೊದಿಕೆ ಸಿಕ್ಕಿತೆಂದು ರೋಹಿತ ಅಂದಾಗ ಮಾವನನ್ನು ಬಿಟ್ಟು ಎಲ್ಲರೂ ನಕ್ಕೆವು. ಮುಂದಿನ ಎಕ್ಸ್‌ರೇಗಳಿಗೆ ಡಾಕ್ಟರೇ ಅಂಗೈಯಷ್ಟು ಸೀಸದ ತುಂಡೊಂದನ್ನು, ಕೀಲು ಕಾಣುವ ಹಾಗೆ ಬಿಟ್ಟು, ಇಡುತ್ತಿದ್ದರು. ಎಲ್ಲಿ ನೋಡಬೇಕೆಂದು ಈಗ ಅವರಿಗೆ ಗೊತ್ತಿತ್ತು. ಅತ್ತೆ ಕೌದಿಯ ಹೊಲಿಗೆ ಬಿಚ್ಚಿ ತಗಡನ್ನು ಹೊರತೆಗೆದು, ಮತ್ತೆ ಹೊಲಿದರು. ತಗಡನ್ನು ಮಾವ ಹಳೇ ಅಂಗಡಿಗೇ ಒಯ್ದು ಕೊಟ್ಟರು.

ಪ್ಲಾಸ್ಟರ್ ಬಿಚ್ಚಿ, ರೇಣು ಮತ್ತೆ ನಡೆಯಲು ಕಲಿತು, ನೆಟ್ಟಗೆ ಓಡತೊಡಗಿದ ಮೇಲೆ ಅವಳಿಗೆ ಫ್ರಾಕು ತರಲು ಎಲ್ಲರೂ ತುಳಶೀಬಾಗದ ಪೇಟೆಗೆ ಹೋದೆವು. ಹಬ್ಬದ ಹಿಂದಿನ ರವಿವಾರ, ಕಾಲಿಡಲು ಜಾಗವಿಲ್ಲ, ಹೆಜ್ಜೆಹೆಜ್ಜೆಗೂ ಅಂಗಡಿಯ ಗುರುತಿನವರು. ರೇಣು ಕೈ ಬಿಡಿಸಿಕೊಂಡು ಮುಂದೆ ಓಡಿದಳು, ನಾನು ಅವಳ ಹಿಂದೆ. ತಿರುಗಿ ನೋಡಿದರೆ ಮಾವ ಎಂದಿನ ಜಾಗದಲ್ಲಿರಲಿಲ್ಲ. ಜನರ ನಡುವೆ ಅತ್ತೆಯ ಮಗ್ಗುಲಲ್ಲೇ, ಅವರು ವಾಲಿದಾಗ ತಾವೂ ತಡೆದು ನಿಂತು, ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದರು.

ಅತ್ತೆಗೆ ಕಸಿವಿಸಿಯಾಗಿತ್ತು. "ಹಿಂಗ್ಯಾಕ ಬರ್ತೀರಿ? ಮುಂದ ನಡೀರಿ. ಮಂದಿ ನೋಡ್ತಾರ."

"ನೋಡ್ಲಿ" ಎಂದರು ಮಾವ.