ಜ್ವರದ ದಿನದ ಲೋಟ

“ಓದೋದೇನೈತ್ರೀ ಮೇಷ್ಟ್ರೇ? ಮೇಡಂ ಸಹಿ ಹಾಕಿ ಹೋದ್ರು. ನಿಮ್ದೊಂದೇ ಬಾಕಿ” ಎಂದ ವಕೀಲ ಹಿದಾಯತ್.

ಮಾಲತೇಶನ ಕಣ್ಣು ವಿಚ್ಛೇದನದ ಇಂಗ್ಲಿಷ್ ಅರ್ಜಿಯ ಒಂದು ಸಾಲಿಗೆ ಅಂಟಿತ್ತು. ವರ್ಷದಿಂದ ಅರ್ಜಿದಾರರು ಕೋಹ್ಯಾಬಿಟ್ ಮಾಡಿಲ್ಲ.

“ಒಂದೇ ಮನೇಲಿದೀವಿ.”

“ಇದ್ರೇನಾತು? ಗಂಡ ಹೆಂಡ್ತಿ ಹಂಗ ಬಾಳ್ವೆ ಮಾಡೀರಾ? ಒಂದು ದಿನ?”

ಮಾಲತೇಶ ಕಾಗದ ಮಡಚಿ ಚೀಲಕ್ಕೆ ತುರುಕಿದ. “ನಾಳೆ ತರ್ತೀನಿ.” ಮಂಡಿಪೇಟೆಯ ಗದ್ದಲ ದಾಟಿ ಹರಿಹರದ ಬಸ್ಸು ಹಿಡಿದ.

ಅಲ್ಲಿನ ಕಾಲೇಜಿನಲ್ಲಿ, ತನ್ನ ಇಂಗ್ಲಿಷ್ ತರಗತಿಯಲ್ಲಿ, ಯಾಕೋ ಕೋಹ್ಯಾಬಿಟ್ ಎಂಬ ಅದೇ ಪದವನ್ನು ಬೋರ್ಡಿನ ಮೇಲೆ ಬರೆದ.

“ಎಲ್ಲಿ ಬಳಸ್ತಾರೆ ಸರ್?” ತನುಶ್ರೀ ಕೇಳಿದಳು.

“ಕೂಡಿ ಬಾಳೋದಕ್ಕೆ. ಕೋರ್ಟಿನ ಕಾಗದದಲ್ಲಿ ಬಳಸ್ತಾರೆ. ಮನೇಲಿ ಯಾರೂ ಬಳಸಲ್ಲ.”

“ಹಾಸ್ಟೆಲಲ್ಲಿ ಒಂದೇ ರೂಮಲ್ಲಿರೋರಿಗೂ ಅನ್ನಬಹುದಾ ಸರ್?”

ತರಗತಿ ನಕ್ಕಿತು. ಅವನೂ ನಕ್ಕಂತೆ ಮಾಡಿ ಬೋರ್ಡು ಒರೆಸಿದ.

ವಕೀಲ ಕೇಳಿದ ಆ ಒಂದು ದಿನ ಇತ್ತು. ಶ್ರಾವಣದಲ್ಲಿ ಅವನಿಗೆ ಜ್ವರ ಬಂದಿತ್ತು. ಜಗಲಿಗೆ ತೆರೆಯುವ ಮುಂಗೋಣೆ ಅವನದು, ಒಳಮನೆ ಹೆಂಡತಿ ಭವ್ಯಾಳದು. ಮಧ್ಯಾಹ್ನ ಎಚ್ಚರವಾಗಿ ಬಾಗಿಲು ತೆರೆದರೆ ಹೊಸ್ತಿಲಾಚೆ ಸ್ಟೀಲ್ ಲೋಟದಲ್ಲಿ ಬಿಸಿ ಗಂಜಿ, ಮೇಲೊಂದು ತಟ್ಟೆ ಮುಚ್ಚಿತ್ತು. ತಟ್ಟೆಯನ್ನು ಯಾರೋ ಒಯ್ದರು. ಲೋಟವನ್ನು ಅವನು ಹಿಂತಿರುಗಿಸಲಿಲ್ಲ. ತೊಳೆದು ಮೇಜಿನ ಮೇಲಿಟ್ಟು ಪೆನ್ನು ಹಾಕಿಕೊಂಡ. ಆ ಲೋಟ ಇರುವತನಕ ಅರ್ಜಿಯ ಆ ಸಾಲು ಸುಳ್ಳು. ಇದನ್ನು ಅವಳ ಬಾಯಿಂದ ಒಮ್ಮೆ ಕೇಳಿದರೆ ಸಾಕು, ಕಾಗದ ಹರಿದು ಎಸೆಯುತ್ತಿದ್ದ.

ಸಂಜೆ ಶಾಮನೂರಿನ ಮನೆಗೆ ಬಂದಾಗ ಭವ್ಯಾ ಜಗಲಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅವಳವು ಮಾತ್ರ.

“ಶ್ರಾವಣದಾಗ... ಗಂಜಿ ಮಾಡಿಟ್ಟಿದ್ಯಲ್ಲ.”

“ಯಾವ ಗಂಜಿ?”

“ನನಗೆ ಜ್ವರ ಬಂದಾಗ.”

ಅವಳು ತಿರುಗಿ ನೋಡಿದಳು. “ನಿಮಗೆ ಜ್ವರ ಬಂದಿತ್ತಾ?” ಕೈಲಿದ್ದ ಬಟ್ಟೆ ಮಡಚುತ್ತಾ, “ಶ್ರಾವಣದಾಗ ನಾನು ಇಲ್ಲಿ ಇರಲೇ ಇಲ್ಲ. ನಂದಿಗುಡಿಗೆ, ಅವ್ವನ ಹತ್ರ ಹೋಗಿದ್ದೆ. ಹದಿನೈದು ದಿನ.”

ಹದಿನೈದು ದಿನ. ಅವನಿಗೆ ಗೊತ್ತೇ ಆಗಿರಲಿಲ್ಲ.

“ಸಹಿ ಹಾಕಿದ್ರಾ?” ಅವಳು ಕೇಳಿದಳು.

“ಹಾಕ್ತೀನಿ.”

ಕೋಣೆಗೆ ಹೋಗಿ ಪೆನ್ನುಗಳನ್ನು ಸುರಿದು ಲೋಟವನ್ನು ಬೋರಲು ಮಾಡಿದ. ತಳದಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿತ್ತು: ತಿಮ್ಮವ್ವ. ಮೇಲಿನ ಮನೆಯ ಮುದುಕಿ. ಎದುರಾದಾಗ ಒಂದು ನಮಸ್ಕಾರವನ್ನೂ ಅವನು ಹೇಳಿದವನಲ್ಲ.

ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು: ಅರ್ಜಿಯ ಆ ಸಾಲು ನಿಜವೇ ಆಗಿತ್ತು. ಖಾಲಿ ಲೋಟವನ್ನು ಹೊಸ್ತಿಲಾಚೆ, ಅಂದು ಇದ್ದ ಜಾಗದಲ್ಲೇ ಇಟ್ಟು ಬಾಗಿಲು ಹಾಕಿಕೊಂಡ. ಅರ್ಜಿ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಪೆನ್ನುಗಳು ನೆಲದ ಮೇಲಿದ್ದವು.

ಜಗಲಿಯಲ್ಲಿ ಭವ್ಯಾಳ ಹೆಜ್ಜೆ ಹತ್ತಿರ ಬಂತು, ಬಾಗಿಲ ಮುಂದೆ ನಿಂತಿತು. ಅವನು ಬಾಗಿಲಿಗೆ ಕಿವಿಗೊಟ್ಟ. ಕಾಲಿನಿಂದ ಲೋಟವನ್ನು ಬದಿಗೆ ಸರಿಸಿದ ಸದ್ದಾಯಿತು. ಹೆಜ್ಜೆ ಮುಂದೆ ಹೋಯಿತು.