ಬೇರಿಂಗಿಗೆ ಒಂದೇ ಹನಿ

ಹದಿಮೂರು, ಹದಿನಾಲ್ಕು, ಹದಿನೈದು — ನಿಂತೇಬಿಟ್ಟಿತು, ಥೂ, ತೆಂಗಿನೆಣ್ಣೆಯ ಹಣೆಬರಹ ಇಷ್ಟೇ, ಹದಿನೈದು ಎಣಿಸುವಷ್ಟರಲ್ಲಿ ದಾರ ಸುತ್ತುವ ಸ್ಪೂಲು ಸುಸ್ತಾದರೆ ಎಸೆದ ಗಾಳ ರಾರಾವಿ ಹೊಳೆಯ ನಡುಮಡುವಿಗೆ ಮುಟ್ಟುವುದು ಯಾವ ಜನ್ಮಕ್ಕೆ, ಅಮರೇಶ ಗಾಳದ ರೀಲನ್ನು ಮತ್ತೆ ಬಿಚ್ಚಿದ, ಹುಣಸೆಬೀಜದಷ್ಟೇ ಇರುವ ಎರಡು ಬೇರಿಂಗುಗಳನ್ನು ಪೆಟ್ರೋಲಿನಲ್ಲಿ ಅದ್ದಿ ಅಲ್ಲಾಡಿಸಿದ, ಕುರುಗೋಡಿನಿಂದ ಸಿರುಗುಪ್ಪದ ಬಸ್ಸು ಎಂಟಕ್ಕೆ, ಈಗ ಏಳೂಕಾಲು, ಆಗುತ್ತದೆ, ಆಗಲೇಬೇಕು, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಪಟಪಟ ಪಟಪಟ, ಬಡಿಯಲಿ, ಆ ಸದ್ದು ಇರುವತನಕ ಈ ಕೋಣೆಯ ಗುಟ್ಟು ಗುಟ್ಟೇ. ಹೋದ ಭಾನುವಾರ ಗ್ರೀಸು ಮೆತ್ತಿದ್ದ, ಗ್ಯಾರೇಜಿನ ಕರಿಬಸವ ಕೊಟ್ಟದ್ದು, ಟ್ರ್ಯಾಕ್ಟರಿಗೇ ಸಾಕಾಗತೈತಿ ಸರ, ಇದಕ್ಕೇನು ಧಾಡಿ — ಬೀಸಿ ಎಸೆದರೆ ಗಾಳ ದುಬುಕ್ಕೆಂದು ತನ್ನ ಕಾಲ ಬುಡದಲ್ಲೇ, ದುರ್ಗೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ, ಸಿರುಗುಪ್ಪದ ಹೈಸ್ಕೂಲಿನ ಗಣಿತದ ಮಾಸ್ತರ, ಈ ಹುಚ್ಚು ಹಿಡಿಸಿದವನೂ ಅವನೇ, ಲೇ ಅಮರೇಶಾ, ಗ್ರೀಸು ಗೇರಿಗಿ, ಬೇರಿಂಗಿಗೆ ಎಣ್ಣಿ, ಅದೂ ನೀರಿನಂಗ ತೆಳ್ಳಗಿರಬೇಕು. ನೀರಿನಂಥ ಎಣ್ಣೆ ಎಲ್ಲಿದೆ, ಬಳ್ಳಾರಿಯ ಅಂಗಡಿಯವನು ಜಪಾನಿನಿಂದ ತರಿಸಬೇಕೆಂದ, ತಿಂಗಳಾಗುತ್ತದಂತೆ, ಒಂದು ತಿಂಗಳು! ಒಂದು ಭಾನುವಾರ ತಪ್ಪಿದರೇ ಜೀವ ವಿಲವಿಲ ಎನ್ನುತ್ತದೆ, ದಾರ ಸರ್ರೆಂದು ಓಡುವಾಗ, ಮಣಿಕಟ್ಟಿನಿಂದ ಭುಜದವರೆಗೆ ಆ ಜಗ್ಗಾಟ ಏರುವಾಗ ಆಗುವ ಖುಷಿ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ, ದೇವರಾಣೆ. ತಿನ್ನುವುದಿಲ್ಲವಲ್ಲ, ಒಂದು ಮೀನನ್ನೂ ತಿಂದಿಲ್ಲ, ಕೊಕ್ಕೆ ಬಿಡಿಸಿ ಮತ್ತೆ ನೀರಿಗೇ ಬಿಡುತ್ತಾನೆ, ಆದರೂ ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆ ಇದು, ಅವ್ವ ಒಮ್ಮೆ ಬೇಡ ಎಂದರೆ ಮುಗಿಯಿತು, ಅವಳ ಮಾತು ಮೀರುವ ಎದೆ ಅವನಿಗಿಲ್ಲ, ಹೊಳೆ ಹೋಯಿತು, ಭಾನುವಾರವೂ ಹೋಯಿತು, ಅದಕ್ಕೇ ಎಂಟು ತಿಂಗಳಿಂದ ಸಿರುಗುಪ್ಪದಲ್ಲಿ ತರಬೇತಿ, ಮೇಷ್ಟ್ರಿಗೆ ಭಾನುವಾರವೂ ತರಬೇತಿ ಎಂದರೆ ನಂಬದ ತಾಯಿ ಈ ನಾಡಿನಲ್ಲಿಲ್ಲ.

ಅರೆ, ಹೊಲಿಗೆ ಮಷೀನು! ಎದುರಿಗೇ ಇದೆಯಲ್ಲ, ಕಣ್ಣಿದ್ದೂ ಕುರುಡ, ನಲವತ್ತು ವರ್ಷದಿಂದ ಓಣಿಯ ಕುಪ್ಪಸಗಳನ್ನೆಲ್ಲ ಹೊಲಿದ ಅವ್ವನ ಮಷೀನು, ಅದರ ಡ್ರಾಯರಿನಲ್ಲಿ ಉದ್ದ ಮೂತಿಯ ಎಣ್ಣೆಡಬ್ಬಿ, ಬೆರಳಿಗೆ ಹಚ್ಚಿ ನೋಡಿದ, ಬಣ್ಣವಿಲ್ಲ, ಜಿಡ್ಡಿಲ್ಲ, ನೀರು, ನೀರೇ, ಒಂದೊಂದು ಬೇರಿಂಗಿಗೆ ಒಂದೊಂದು ಹನಿ, ಇನ್ನೊಂದು ಹಾಕಲೇ — ಒಂದ ಸಾಕು, ಜಾಸ್ತಿ ಆದ್ರ ಧೂಳು ಹಿಡೀತೈತಿ. ರೊಟ್ಟಿಯ ಸದ್ದು ಯಾವಾಗ ನಿಂತಿತ್ತೋ, ಬಾಗಿಲಲ್ಲಿ ಅವ್ವ, ಸುವರ್ಣಮ್ಮ, ಮೊಣಕೈವರೆಗೆ ಜೋಳದ ಹಿಟ್ಟು. ಅವನು ಬೇರಿಂಗುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ, ಇದು ಸಾಲಿಂದು ಅವ್ವಾ, ವಿಜ್ಞಾನದ್ದು — ಸುಮ್ನಿರಪಾ, ತರಬೇತಿಗೆ ಹೋದ ಅಂಗಿಗೆ ಮೀನಿನ ನಾತ ಯಾಕ ಬರತೈತಂತ ಒಗಿಯಾಕಿಗೆ ಗೊತ್ತಾಗಂಗಿಲ್ಲೇನು, ಜೋಡಿಸು ನೋಡೂಣು. ಜೋಡಿಸು ಎಂದಳೇ, ಅವ್ವನೇ ಎಂದಳೇ, ಬೈಯಲಿಲ್ಲ, ಬೇಡ ಎನ್ನಲಿಲ್ಲ, ಅವನ ಬೆರಳುಗಳಿಗೆ ರೆಕ್ಕೆ ಬಂದವು, ಬೇರಿಂಗು ಕೂತಿತು, ಸ್ಪೂಲು ಕೂತಿತು, ಹೆಬ್ಬೆರಳಿನಿಂದ ತಳ್ಳಿದ — ಸದ್ದೇ ಇಲ್ಲ, ಬರೀ ಗಾಳಿ, ಹತ್ತು, ಹದಿನೈದು, ಇಪ್ಪತ್ತು, ಅವ್ವ ಬಗ್ಗಿ ಕಿವಿ ಕೊಟ್ಟಳು, ಭಾಳ ಛಲೋ ತಿರಗತೈತಲ್ಲೋ, ಅವಳ ಮುಖದಲ್ಲೂ ನಗು, ಇಪ್ಪತ್ತೆಂಟು, ಮೂವತ್ತು, ಅವನಿಗೆ ಕುಣಿಯಬೇಕೆನಿಸಿತು, ನಡುಮಡುವೇನು, ಆಚೆ ದಂಡೆಗೇ ಎಸೆಯುತ್ತೇನೆ, ಲೇ ದುರ್ಗೇಶ, ಬಂದೆ ತಡಿ, ಅವ್ವಾ ನಾ ಒಂದನ್ನೂ ತಿನ್ನಂಗಿಲ್ಲ, ನಿನ್ನಾಣಿ, ಹಿಡಿದು ಬಿಟ್ಟು ಬರತೀನಿ, ಅಷ್ಟ, ಮೂವತ್ತೈದು. ಬಿಡಾಕಂತ ಹಿಡೀತೀ? ಹೂಂ ಅವ್ವಾ. ತಿನ್ನೋರು ಹೊಟ್ಟಿಗಂತ ಹಿಡೀತಾರ, ನೀ ಯಾತಕ್ಕಪಾ ಅದರ ಬಾಯಾಗ ಕೊಕ್ಕಿ ಚುಚ್ಚತೀ — ಬೈಗುಳವಲ್ಲ, ಸಿಟ್ಟೂ ಇಲ್ಲ, ಗೊತ್ತಿಲ್ಲದೆ ಕೇಳುತ್ತಿದ್ದಾಳೆ, ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತ ನಿಂತಿದ್ದಾಳೆ, ಖುಷಿಗೆ ಎನ್ನಬೇಕು, ಅವ್ವನ ಮುಂದೆ ಆ ಮಾತು ಬಾಯಿಗೆ ಬರುತ್ತಿಲ್ಲ, ನಲವತ್ತೊಂದು, ನಲವತ್ತೆರಡು, ಇದೊಮ್ಮೆ ನಿಂತರೆ ಏನಾದರೂ ಹೇಳಬಹುದು, ನಲವತ್ತೇಳು, ಸ್ಪೂಲು ತಿರುಗುತ್ತಿದೆ, ಸದ್ದೇ ಇಲ್ಲದೆ, ತಿರುಗುತ್ತಲೇ ಇದೆ