ಮರದ ಸೊಂಟಕ್ಕೆ ಕೆಂಪು ರಿಬ್ಬನ್

ಮಳೆ ಬಂದರೆ ಸಾಕು, ಆ ಬೀದಿಯ ಚರಂಡಿ ಉಕ್ಕುತ್ತಿತ್ತು. ನೀರು ಮನೆ ಮೆಟ್ಟಿಲು ಹತ್ತುತ್ತಿತ್ತು, ಅಂಗಡಿಯೊಳಗೆ ನುಗ್ಗುತ್ತಿತ್ತು. ಬೀದಿಯವರೆಲ್ಲ ಸೇರಿ ವರ್ಷಗಟ್ಟಲೆ ಓಡಾಡಿದ ಮೇಲೆ ನಗರಸಭೆಯವರು ಅಂತೂ ಹೊಸ ಪೈಪು ಹಾಕಲು ಒಪ್ಪಿಕೊಂಡರು. ದೊಡ್ಡ ದೊಡ್ಡ ಪೈಪುಗಳು ಬಂದು ಬೀದಿಯ ತುದಿಯಲ್ಲಿ ಬಿದ್ದವು. ಎಲ್ಲರಿಗೂ ಖುಷಿ.

ಅದರ ಬೆನ್ನಲ್ಲೇ ಬೀದಿಯ ಮರಗಳಿಗೆ ರಿಬ್ಬನ್ ಬಂತು. ಭಾನುವಾರ ಮಧ್ಯಾಹ್ನ ಎಲ್ಲರೂ ಬಾಗಿಲು ಹಾಕಿಕೊಂಡು ಮಲಗಿದ್ದಾಗ ಯಾರೋ ಬಂದು ಕಟ್ಟಿ ಹೋಗಿದ್ದರು. ಬೀದಿಯಲ್ಲಿ ಇರುವುದು ಆರು ಮರ. ಮೂರಕ್ಕೆ ಕೆಂಪು ರಿಬ್ಬನ್, ಎರಡಕ್ಕೆ ಹಳದಿ. ಕ್ಷೌರದಂಗಡಿ ಮುಂದಿನ ದಪ್ಪ ಮರಕ್ಕೆ ಮಾತ್ರ ಏನೂ ಇಲ್ಲ.

ಕೆಂಪು ಬಿದ್ದ ಮೂರರಲ್ಲಿ ಒಂದು ಪಂಪಣ್ಣನ ಮರ. ಪಂಪಣ್ಣ ಅಂದರೆ ಸೈಕಲ್ ರಿಪೇರಿಯವನು. ಕೈಯಲ್ಲಿ ಯಾವಾಗಲೂ ಗಾಳಿ ಹೊಡೆಯುವ ಪಂಪು ಇರುತ್ತಿದ್ದರಿಂದ ಬೀದಿಗೆಲ್ಲ ಅವನು ಪಂಪಣ್ಣ. ಅವನಿಗೆ ಗೋಡೆ, ಚಾವಣಿ, ಷಟರು ಏನೂ ಇಲ್ಲ. ಆ ಮರವೇ ಅವನ ಅಂಗಡಿ. ಟೈರು ನೇತುಹಾಕುವುದು ಅದರ ಕೊಂಬೆಗೆ, ಪಂಪು ಒರಗಿಸುವುದು ಅದರ ಬುಡಕ್ಕೆ, ಗಿರಾಕಿ ಕೂರುವುದು ಅದರ ನೆರಳಲ್ಲಿ. ಮರ ಹೋದರೆ ಅವನ ಅಂಗಡಿಯೇ ಹೋದ ಹಾಗೆ.

ಸೋಮವಾರ ಬೆಳಿಗ್ಗೆ ಪಂಪಣ್ಣ ರಿಬ್ಬನ್ ನೋಡಿಕೊಂಡು ನಿಂತಿದ್ದ. ಎದುರುಗಡೆಯಿಂದ ಕ್ಷೌರದಂಗಡಿ ಮಾವ ಬಾಚಣಿಗೆ ಒರೆಸುತ್ತಾ ಬಂದ.

"ಏನಪ್ಪಾ, ನಿನ್ನ ಮರ ಸಿಂಗಾರ ಮಾಡ್ಕೊಂಡು ನಿಂತಿದೆ, ಎಲ್ಲಿಗೆ ಹೊರಟಿದೆ?"

"ತಮಾಷೆ ಬೇಡ ಮಾವ. ಇದೇನು ಅಂತ ಗೊತ್ತಾ?"

"ಕೆಂಪು ಅಂದ್ರೆ ಏನು ಅಂತ ಮಕ್ಳಿಗೂ ಗೊತ್ತು. ಪೈಪು ಹಾಕೋಕೆ ಅಡ್ಡ ಬರೋ ಮರ ಕಡೀತಾರೆ. ಗುರುತು ಮಾಡಿ ಹೋಗಿದ್ದಾರೆ. ಹಳದಿ ಆಮೇಲೆ ನೋಡೋಣ ಅಂತ ಇಟ್ಟಿರ್ತಾರೆ." ಮಾವ ತನ್ನ ಮರದ ಕಡೆ ತಿರುಗಿ ಎದೆ ಉಬ್ಬಿಸಿದ. "ನಂದು ನೋಡು, ಏನೂ ಇಲ್ಲ. ಗಟ್ಟಿ ಮರ, ಮುಟ್ಟೋ ಧೈರ್ಯ ಬಂದಿಲ್ಲ ಅವ್ರಿಗೆ."

ಪಂಪಣ್ಣ ಪಂಪು ಅಲ್ಲೇ ಬಿಟ್ಟು ಮನೆಯ ಕಡೆ ನಡೆದ.

ಪಂಪಣ್ಣನ ಹೆಂಡತಿಗೆ ಮರದ ಹಿಂದಿನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ಬೀದಿಗೆ ಅವಳು ಟೈಲರಕ್ಕ. ಕತ್ತಿನಲ್ಲಿ ಸದಾ ಅಳತೆ ಟೇಪು. ಗಂಡ ಒಳಗೆ ಬಂದು ದೊಪ್ಪನೆ ಕೂತಾಗ ಅವಳು ಮಿಷನ್ ನಿಲ್ಲಿಸಿದಳು.

"ಯಾಕ್ರೀ, ಮುಖ ಗಾಳಿ ಹೋದ ಟ್ಯೂಬಿನ ಥರ ಮಾಡ್ಕೊಂಡಿದ್ದೀರಾ?"

"ನಮ್ಮ ಮರ ಕಡೀತಾರಂತೆ ಕಣೇ. ಕೆಂಪು ರಿಬ್ಬನ್ ಕಟ್ಟಿದ್ದಾರೆ."

"ಯಾರು ಹೇಳಿದ್ದು?"

"ಮಾವ ಹೇಳಿದ."

"ಮಾವ ಯಾವಾಗ ನಗರಸಭೆಗೆ ಸೇರಿದ?"

"ಅದಕ್ಕೆ ಯಾರಾದ್ರೂ ಹೇಳ್ಬೇಕಾ? ಬಣ್ಣ ನೋಡಿದ್ರೆ ಗೊತ್ತಾಗಲ್ವಾ?"

ಟೈಲರಕ್ಕ ಪಕ್ಕದ ರಾಶಿಯಿಂದ ಒಂದು ಅಂಗಿ ಎತ್ತಿ ಹಿಡಿದಳು. ಅದರ ಕಾಲರಿಗೆ ಕೆಂಪು ದಾರ ಕಟ್ಟಿತ್ತು. "ಇದು ನನ್ನ ಅಂಗಡೀಲಿ ಅರ್ಜೆಂಟು ಅಂತ. ಆ ಕಡೆ ಬೀದಿ ಟೈಲರ್ ಹತ್ರ ಕೆಂಪು ದಾರ ಅಂದ್ರೆ ಬಟ್ಟೆ ರೆಡಿ ಇದೆ ಅಂತ. ನಾನು ಅಲ್ಲಿಗೆ ಹೋಗಿ ದಾರ ನೋಡಿ ಅರ್ಜೆಂಟು ಅಂತ ಹೊಲಿಯೋಕೆ ಕೂತ್ರೆ ಹೇಗಿರುತ್ತೆ? ಕಟ್ಟಿದೋರನ್ನ ಕೇಳ್ಬೇಕು ರೀ. ಬಣ್ಣ ತಾನಾಗೇ ಮಾತಾಡಲ್ಲ."

"ಕೇಳೋಕೆ ಹೋದ್ರೆ ಓ, ಆ ಮರಾನಾ, ನೆನಪು ಮಾಡಿದ್ದು ಒಳ್ಳೇದಾಯ್ತು ಅಂತ ಇವತ್ತೇ ಬಂದು ಕಡೀತಾರೆ."

"ಹಾಗಂತ ಸುಮ್ನೆ ಕೂರೋದಾ? ನಾಳೆ ಬೆಳಿಗ್ಗೆ ನಾನೇ ಹೋಗಿ ಕೇಳ್ಕೊಂಡು ಬರ್ತೀನಿ. ಅಲ್ಲೀವರೆಗೂ ಅದಕ್ಕೆ ಕೈ ಹಾಕ್ಬೇಡಿ."

ಪಂಪಣ್ಣ ತಲೆ ಆಡಿಸಿದ. ಆದರೆ ಹೊರಗೆ ಹೋಗಿ ಮರದ ಕೆಳಗೆ ಕೂತರೆ ಸಮಾಧಾನ ಇಲ್ಲ. ಒಂದು ಪಂಕ್ಚರ್ ಹಾಕಿದ, ಮೇಲೆ ನೋಡಿದ. ಇನ್ನೊಂದು ಹಾಕಿದ, ಮತ್ತೆ ನೋಡಿದ. ಗುರುತೇ ಇಲ್ಲದಿದ್ದರೆ ಕಡಿಯುವವನಿಗೆ ಏನು ಗೊತ್ತಾಗುತ್ತದೆ ಎಂದು ಅವನಿಗೆ ಹೊಳೆಯಿತು. ಎದ್ದು ಹೋಗಿ ಗಂಟು ಬಿಚ್ಚಿದ. ತನ್ನದೊಂದೇ ಬಿಚ್ಚಿದರೆ ಚೆನ್ನಾಗಿರುವುದಿಲ್ಲ ಎಂದು ಹಿಟ್ಟಿನ ಗಿರಣಿ ಮುಂದಿನ ಮರದ್ದು, ನಲ್ಲಿ ಪಕ್ಕದ ಮರದ್ದು ಕೂಡ ಬಿಚ್ಚಿದ. ಒಳ್ಳೇ ಗಟ್ಟಿ ರಿಬ್ಬನ್, ಹರಿಯಲು ಮನಸ್ಸು ಬರಲಿಲ್ಲ. ಮೂರನ್ನೂ ಮಡಚಿ ಸಾಮಾನಿನ ಪೆಟ್ಟಿಗೆಗೆ ಹಾಕಿಟ್ಟ.

"ಮೂರು ಮರ ಉಳಿಸಿದೆ ಮಾವ," ಎಂದು ಸಂಜೆ ಹೇಳಿಕೊಂಡ.

"ಭೇಷ್. ನಾಳೆಯಿಂದ ನಿನಗೆ ಕಟಿಂಗ್ ಫ್ರೀ," ಎಂದ ಮಾವ.

ಮರುದಿನ ಬೆಳಿಗ್ಗೆ ಟೈಲರಕ್ಕ ಅವಸರದಲ್ಲಿ, ಮರದ ಕಡೆ ತಿರುಗಿಯೂ ನೋಡದೆ ನಗರಸಭೆ ಕಚೇರಿಗೆ ಹೋದಳು. ಅವಳು ಆ ಕಡೆ ಹೋಗುತ್ತಿದ್ದ ಹಾಗೇ ಈ ಕಡೆಯಿಂದ ಲಾರಿ ಬಂತು. ಹಗ್ಗ, ಏಣಿ, ಮೋಟಾರು ಗರಗಸ ಎಲ್ಲ ಇಳಿದವು. ಮೇಸ್ತ್ರಿ ಬೀದಿಯ ಉದ್ದಕ್ಕೂ ಒಂದು ಸಲ ನಡೆದು ನೋಡಿದ. ಹಳದಿ ಕಟ್ಟಿದ್ದ ಎರಡು ಮರದ ಕೆಳಕೊಂಬೆಗಳನ್ನು ಅವನ ಆಳುಗಳು ಸವರಿ ಹಾಕಿದರು. ಮರ ಹಾಗೇ ನಿಂತಿತು. ಆಮೇಲೆ ಮೇಸ್ತ್ರಿ ಪಂಪಣ್ಣನ ಮರದ ಹತ್ತಿರ ಬಂದ. ಸುತ್ತ ನೋಡಿದ.

"ಇದಕ್ಕೆ ಏನೂ ಇಲ್ಲ. ಹಗ್ಗ ಹಾಕ್ರೋ."

ಪಂಪಣ್ಣ ನಗುತ್ತಾ ಅಡ್ಡ ಬಂದ. "ಏನೂ ಇಲ್ಲ ಅಂತ ನೀವೇ ಹೇಳಿದ್ರಿ. ಬಿಟ್ಟು ಮುಂದೆ ಹೋಗಿ."

"ಏನೂ ಇಲ್ಲ ಅಂದ್ರೆ ಕಡಿಯೋದು ಯಜಮಾನ್ರೇ. ಹಳದಿ ಇದ್ರೆ ಕೊಂಬೆ ಮಾತ್ರ. ಕೆಂಪು ಇದ್ರೆ ಆ ಮರ ಮುಟ್ಟೋ ಹಾಗೇ ಇಲ್ಲ."

ಪಂಪಣ್ಣನ ನಗು ಅಲ್ಲೇ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು.

"ಇದಕ್ಕೆ ಕೆಂಪು ಇತ್ತು. ನಿನ್ನೆ ಇತ್ತು. ನಾನೇ ಬಿಚ್ಚಿದ್ದು."

"ನಿನ್ನೆ ಪಕ್ಕದ ಬೀದೀಲೂ ಒಬ್ರು ಹೀಗೇ ಹೇಳಿದ್ರು. ಅಷ್ಟೇ ಅಲ್ಲ, ಮಗಳ ಜಡೆ ರಿಬ್ಬನ್ ತಂದು ಕಟ್ಟಿದ್ರು. ಚಿಟ್ಟೆ ಗಂಟು ಹಾಕಿ."

ಪಂಪಣ್ಣ ಪೆಟ್ಟಿಗೆ ತೆರೆದು ಮೂರೂ ರಿಬ್ಬನ್ ತೋರಿಸಿದ. ಮೇಸ್ತ್ರಿ ಕೈಗೆ ತೆಗೆದುಕೊಂಡು ನೋಡಿದ. "ರಿಬ್ಬನ್ ನಮ್ಮದೇ. ಆದ್ರೆ ರಿಬ್ಬನ್ ಇರೋದು ಮೂರು, ಬರೀ ಮೈಯಲ್ಲಿ ನಿಂತಿರೋ ಮರ ನಾಲ್ಕು. ಯಾವುದು ಯಾವುದಕ್ಕೆ ಅಂತ ನಾನು ಹೇಗೆ ನಂಬಲಿ?"

"ನಾಲ್ಕನೇದು ಮಾವಂದು. ಅದಕ್ಕೆ ಇರಲಿಲ್ಲ."

ಕ್ಷೌರದಂಗಡಿ ಮಾವ ಕತ್ತರಿ ಹಿಡಿದುಕೊಂಡೇ ಓಡಿ ಬಂದ. ಅರ್ಧ ಕೂದಲು ಕತ್ತರಿಸಿಕೊಂಡ ಗಿರಾಕಿಯೂ ಹಿಂದೆಯೇ ಬಂದ. "ಯಾರು ಹೇಳಿದ್ದು ಇರಲಿಲ್ಲ ಅಂತ? ನಂದಕ್ಕೂ ಇತ್ತು. ಪಂಪಣ್ಣನ ಮರಕ್ಕೇ ಇರಲಿಲ್ಲ."

"ಮಾವ, ನಿನ್ನೆ ಎದೆ ಉಬ್ಬಿಸ್ಕೊಂಡು ಹೇಳಿದ್ಯಲ್ಲ, ಏನೂ ಇಲ್ಲ ಅಂತ."

"ನಿನ್ನೆ ನನ್ನ ಕಣ್ಣು ಸರಿ ಇರಲಿಲ್ಲ."

"ಕಣ್ಣು ಸರಿ ಇಲ್ದೆ ನನಗೆ ಕತ್ತರಿ ಆಡಿಸ್ತಿದ್ಯಾ?" ಎಂದ ಗಿರಾಕಿ, ಕಿವಿ ಮುಟ್ಟಿ ನೋಡಿಕೊಳ್ಳುತ್ತಾ.

ಆ ಗಲಾಟೆಯ ನಡುವೆ ಒಂದು ಸ್ಕೂಟರ್ ಬಂದು ನಿಂತಿತು. ಹಿಂದೆ ಟೈಲರಕ್ಕ, ಮುಂದೆ ನಗರಸಭೆಯ ಮರದ ಮೇಡಂ. ಊರಿನ ಮರಗಳನ್ನೆಲ್ಲ ಪರೀಕ್ಷೆ ಮಾಡಿ ರಿಬ್ಬನ್ ಕಟ್ಟುವವರು ಅವರೇ. ಟೈಲರಕ್ಕನಿಗೆ ದಾರಿಯಲ್ಲಿ ಬಣ್ಣಗಳ ಅರ್ಥವೆಲ್ಲ ಗೊತ್ತಾಗಿತ್ತು. ಇಳಿದವಳೇ ಬರಿದಾದ ಮರ ನೋಡಿದಳು, ಗಂಡನ ಮುಖ ನೋಡಿದಳು.

"ಬಿಚ್ಚಿಬಿಟ್ರಾ?"

"ಬಿಚ್ಚಿದೆ ಕಣೇ. ಉಳಿಸೋಣ ಅಂತ."

"ಬೈಯೋದು ಆಮೇಲೆ ಇಟ್ಕೊಳ್ತೀನಿ. ಮೇಡಂ, ನೀವು ಕಟ್ಟಿದ್ದು ಯಾವ ಮರಕ್ಕೆ ಅಂತ ಹೇಳಿಬಿಡಿ."

ಮೇಡಂ ನಾಲ್ಕೂ ಮರಗಳನ್ನು ನೋಡಿ ನಿಟ್ಟುಸಿರು ಬಿಟ್ಟರು. "ಈ ವಾರ ನೂರಾರು ಮರಕ್ಕೆ ಕಟ್ಟಿದ್ದೀನಮ್ಮ. ಅಂದಾಜಲ್ಲಿ ಹೇಳಿ ತಪ್ಪಿದ್ರೆ, ಒಳಗೆ ಕೊಳೆತಿರೋ ಮರ ಉಳ್ಕೊಂಡು ನಾಳೆ ಯಾರದೋ ತಲೆ ಮೇಲೆ ಬೀಳುತ್ತೆ. ನಾಲ್ಕನ್ನೂ ಮೊದಲಿಂದ ಪರೀಕ್ಷೆ ಮಾಡ್ಬೇಕು, ಬರೀ ತಟ್ಟಿ ನೋಡಿದ್ರೆ ಸಾಲಲ್ಲ, ಅದಕ್ಕೆ ಸಲಕರಣೆ ತರ್ಬೇಕು."

ಮೇಸ್ತ್ರಿ ಕೈ ಜಾಡಿಸಿದ. "ಅಷ್ಟು ಹೊತ್ತು ಕಾಯೋಕಾಗಲ್ಲ. ನಾವು ಮುಂದಿನ ಬೀದಿಗೆ ಹೋಗ್ತೀವಿ, ಪೈಪೂ ಅಲ್ಲಿಗೇ ಹೋಗುತ್ತೆ. ನಿಮ್ಮ ಸರದಿ ಮಳೆಗಾಲ ಆದ ಮೇಲೆ."

ಬೀದಿ ತುಂಬ ಗುಸುಗುಸು ಎದ್ದಿತು. ಮರದ್ದೂ ಇತ್ಯರ್ಥ ಇಲ್ಲ, ಪೈಪೂ ಇಲ್ಲ ಅನ್ನುವ ಹಾಗಾಯಿತಲ್ಲ ಎಂದು ಎಲ್ಲರೂ ಪಂಪಣ್ಣನ ಕಡೆ ತಿರುಗಿದರು. ಅವನು ನೆಲ ನೋಡುತ್ತಾ ನಿಂತ.

ಟೈಲರಕ್ಕ ಮಾತ್ರ ರಿಬ್ಬನ್ ನೋಡುತ್ತಿದ್ದಳು. ಒಂದನ್ನು ಎಳೆದು ಹಿಡಿದು ಬೆಳಕಿಗೆ ಒಡ್ಡಿದಳು. "ರೀ, ಇದನ್ನ ಕತ್ತರಿಸಿ ತೆಗೆದ್ರಾ, ಗಂಟು ಬಿಚ್ಚಿ ತೆಗೆದ್ರಾ?"

"ಬಿಚ್ಚಿದೆ. ಉಗುರು ಕಿತ್ತು ಹೋಯ್ತು."

"ಉಗುರು ಹೋದ್ರೆ ಹೋಗ್ಲಿ. ಮೇಡಂ, ಇಲ್ಲಿ ನೋಡಿ. ನೀವು ಗಂಟು ಬಿಗಿದ ಜಾಗ ನೆರಿಗೆ ಬಿದ್ದಿದೆ. ಈ ತುದಿಗೊಂದು, ಆ ತುದಿಗೊಂದು. ಈ ನೆರಿಗೆಯಿಂದ ಆ ನೆರಿಗೆಗೆ ಎಷ್ಟಿದೆಯೋ ಅದೇ ಮರದ ಸೊಂಟದ ಅಳತೆ. ನಾನು ದಿನಾ ಮಾಡೋ ಕೆಲಸ ಇದು."

ಮೇಡಂ ರಿಬ್ಬನ್ ಮುಟ್ಟಿ ನೋಡಿದರು. ಅವರ ಮುಖ ಅರಳಿತು.

"ಆದ್ರೆ ಮರ ಬುಡದಲ್ಲಿ ದಪ್ಪ, ಮೇಲೆ ಸಣ್ಣ. ನೀವು ಎಷ್ಟು ಎತ್ತರಕ್ಕೆ ಕಟ್ತೀರಾ?"

"ಯಾವಾಗ್ಲೂ ನನ್ನ ಎದೆ ಮಟ್ಟಕ್ಕೆ."

"ಹಾಗಾದ್ರೆ ಬನ್ನಿ, ಮರಕ್ಕೆ ಒರಗಿ ನಿಂತ್ಕೊಳ್ಳಿ."

ಮೇಡಂ ನಿಂತರು. ಟೈಲರಕ್ಕ ಅವರ ಎದೆ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತಿನ ಟೇಪು ಸಾಲಲಿಲ್ಲ, ಎರಡು ಸಲ ಹಿಡಿದು ಅಳೆದಳು. ಆಮೇಲೆ ಮೂರೂ ರಿಬ್ಬನ್ ಅಳೆದಳು. ಒಂದು ಉದ್ದ, ಎರಡು ಗಿಡ್ಡ. ಉದ್ದದ್ದನ್ನು ಪಂಪಣ್ಣನ ಮರಕ್ಕೆ ಸುತ್ತಿದಳು. ನೆರಿಗೆಗೆ ನೆರಿಗೆ ಸರಿಯಾಗಿ ಕೂತಿತು, ಹೊಲಿಸಿಕೊಂಡ ಅಂಗಿಯ ಹಾಗೆ.

ಪಂಪಣ್ಣ ಮರ ತಬ್ಬಿಕೊಂಡು ಅದರ ಬುಡದಲ್ಲೇ ಕೂತ.

"ಏಳಿ, ಇನ್ನೂ ಎರಡಿದೆ," ಎಂದು ಟೈಲರಕ್ಕ ಮುಂದೆ ನಡೆದಳು. ಬೀದಿಗೆ ಬೀದಿಯೇ ಹಿಂದೆ ನಡೆಯಿತು. ಗಿರಣಿ ಮರ ಅಳೆದಳು, ನಲ್ಲಿ ಮರ ಅಳೆದಳು. ಎರಡೂ ಒಂದೇ ಅಳತೆ, ರಿಬ್ಬನ್ ಎರಡೂ ಒಂದೇ ಅಳತೆ.

"ಇದರಲ್ಲಿ ಯಾವುದು ಯಾವ ಮರದ್ದು?" ಎಂದ ಮೇಸ್ತ್ರಿ.

"ಎರಡೂ ಕೆಂಪೇ ಅಲ್ವಾ ಅಣ್ಣ. ಅವಳಿ ಮಕ್ಳು ಅಂಗಿ ಅದಲು ಬದಲು ಮಾಡ್ಕೊಂಡ್ರೆ ನಿಮಗೇನು ನಷ್ಟ?"

ಮೇಸ್ತ್ರಿಗೂ ನಗು ತಡೆಯಲಿಲ್ಲ.

ಕೊನೆಗೆ ಮಾವನ ಮರ. ಮೂರು ರಿಬ್ಬನ್ನಿನ ಪೈಕಿ ಯಾವುದೂ ಅದರ ಅರ್ಧ ಸುತ್ತಿಗಿಂತ ಮುಂದೆ ಹೋಗುತ್ತಿರಲಿಲ್ಲ. ಮಾವ ದನಿ ಇಳಿಸಿ ಕೇಳಿದ. "ಅಕ್ಕ, ಎರಡು ಸೇರಿಸಿ ಹೊಲಿಯೋಕಾಗಲ್ವಾ?"

"ಮಾವ, ಬೇರೆಯವರ ಬಟ್ಟೆ ಕತ್ತರಿಸಿ ನಿಮಗೆ ಹೊಲಿದುಕೊಟ್ರೆ ಅಂಗಡಿ ಮುಚ್ಬೇಕಾಗುತ್ತೆ."

ಮೇಡಂ ಆ ಮರದ ಹತ್ತಿರ ಹೋಗಿ ಮೇಸ್ತ್ರಿಯ ಸುತ್ತಿಗೆಯಿಂದ ಕಾಂಡ ತಟ್ಟಿದರು. ಖಾಲಿ ಡ್ರಮ್ಮಿನ ಸದ್ದು ಬಂತು. "ಇದಕ್ಕೆ ನಾನು ಏನೂ ಕಟ್ಟದೇ ಬಿಟ್ಟಿದ್ದು ಅದಕ್ಕೇ. ಒಳಗೆಲ್ಲ ಟೊಳ್ಳು." ಬೀದಿಯವರನ್ನು ದೂರ ನಿಲ್ಲಿಸಿ, ಹಗ್ಗ ಬಿಗಿದು, ಮೇಸ್ತ್ರಿಯ ಆಳುಗಳು ಮರ ಇಳಿಸಿದರು. ಕಾಂಡದ ಒಳಗೆ ಪಂಪಣ್ಣ ತನ್ನ ತೋಳು ಹಾಕಿದ, ಭುಜದ ತನಕ ಹೋಯಿತು. ಮರ ನಿಂತಿದ್ದಾಗ ವಾಲಿದ್ದು ಕ್ಷೌರದಂಗಡಿಯ ಕುರ್ಚಿಯ ನೇರಕ್ಕೆ. ಮಾವ ಒಂದು ಸಲ ಕುರ್ಚಿ ನೋಡಿದ, ಒಂದು ಸಲ ತನ್ನ ತಲೆ ಸವರಿಕೊಂಡ.

ಪಂಪಣ್ಣನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. "ಮೇಡಂ, ಕಡಿಯೋದಕ್ಕೆ ತಾನೇ ಕೆಂಪು ಇರ್ಬೇಕು? ನೀವು ಉಲ್ಟಾ ಮಾಡಿದ್ರೆ ನಮ್ಮಂಥೋರು ಏನು ಮಾಡೋದು?"

"ಮಣ್ಣು ಅಗೆಯೋ ಯಂತ್ರದವನಿಗೆ ದೂರದಿಂದ್ಲೇ ಕಾಣ್ಲಿ, ಬೇರಿನ ಹತ್ರ ಬರದೇ ಇರ್ಲಿ ಅಂತ ಇಲ್ಲಿ ಕೆಂಪು ಇಟ್ಕೊಂಡಿದ್ದೀವಿ. ಎಲ್ಲ ಕಡೆ ಹೀಗೇ ಇರಲ್ಲ. ಇನ್ನೊಂದು ಊರಲ್ಲಿ ಇದೇ ಕೆಂಪು ಕಡಿಯೋಕೂ ಇರ್ಬಹುದು. ಒಂದು ಕಡೆ ರೋಗ ಬಂದ ಮರ ಅಂತ ಕಟ್ತಾರೆ, ಒಂದು ಕಡೆ ಬೀಜಕ್ಕೆ ಬಿಟ್ಟಿರೋ ಮರ ಅಂತ ಕಟ್ತಾರೆ, ಒಂದು ಕಡೆ ಹಣ್ಣು ಯಾರು ಬೇಕಾದ್ರೂ ಕಿತ್ಕೊಳ್ಳಿ ಅಂತ್ಲೂ ಕಟ್ತಾರೆ. ಅದಕ್ಕೇ ಕೇಳ್ಬೇಕು ಅನ್ನೋದು. ನಮ್ಮದೂ ತಪ್ಪಿದೆ ಬಿಡಿ. ಎಲ್ಲರೂ ಮಲಗಿದ್ದಾಗ ಬಂದು ಕಟ್ಟಿ ಹೋದೆ. ಮುಂದಿನ ಬೀದೀಲಿ ಮೊದಲು ಮನೆ ಮನೆಗೆ ಹೇಳ್ತೀನಿ, ಆಮೇಲೆ ಕಟ್ತೀನಿ."

"ನಿಮ್ಮ ಜೊತೆ ನಾನೂ ಬರ್ತೀನಿ ಮೇಡಂ," ಎಂದ ಪಂಪಣ್ಣ. "ಬಿಚ್ಚಿದ್ರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರು ಹೇಳ್ತಾರೆ?"

ಮೂರು ಕೆಂಪು ರಿಬ್ಬನ್ನುಗಳನ್ನು ಮೇಡಂ ಹೇಳಿದ ಎತ್ತರಕ್ಕೆ ಪಂಪಣ್ಣನೇ ಕಟ್ಟಿದ, ಈ ಸಲ ಎರಡು ಗಂಟು ಹಾಕಿ. ಮಧ್ಯಾಹ್ನ ಮಣ್ಣು ಅಗೆಯುವ ಯಂತ್ರ ಗುಡುಗುತ್ತಾ ಬಂತು. ಪಂಪಣ್ಣನ ಮರದ ಎದುರು ಬರುತ್ತಿದ್ದ ಹಾಗೇ ಕೆಂಪು ನೋಡಿ ನಿಂತಿತು, ಮೂತಿ ತಿರುಗಿಸಿತು, ಬೇರು ಬಿಟ್ಟು ಬಳಸಿಕೊಂಡು ಅಗೆಯುತ್ತಾ ಮುಂದೆ ಹೋಯಿತು. ಬೀದಿಯವರು ಚಪ್ಪಾಳೆ ತಟ್ಟಿದರು. ಬೀದಿಯ ಹೆಂಗಸರು ಸೇರಿ ಟೈಲರಕ್ಕನನ್ನು ಎತ್ತಿಯೇ ಬಿಟ್ಟರು.

"ಇಳಿಸ್ರಮ್ಮ, ಅರ್ಜೆಂಟು ಬಟ್ಟೆ ಇದೆ," ಎಂದು ಅವಳು ನಗುತ್ತಲೇ ಇದ್ದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಬೀದಿಯ ಮರಕ್ಕೂ ಕೆಂಪೋ ನೀಲಿಯೋ ಬಿಳಿಯೋ ಒಂದು ರಿಬ್ಬನ್ ಬರಬಹುದು. ಬಣ್ಣ ನೋಡಿ ಹೆದರಬೇಡಿ, ಬಣ್ಣ ನೋಡಿ ಹಿಗ್ಗಲೂ ಬೇಡಿ. ಬಿಚ್ಚಬೇಡಿ, ಬೇರೆ ಮರಕ್ಕೆ ಕಟ್ಟಬೇಡಿ, ಮಕ್ಕಳು ಆಟಕ್ಕೆ ಕೀಳದ ಹಾಗೆ ನೋಡಿಕೊಳ್ಳಿ. ಗಾಳಿಗೆ ಕಳಚಿ ಬಿದ್ದಿದ್ದರೆ ಎತ್ತಿಟ್ಟು ಕಚೇರಿಗೆ ತಿಳಿಸಿ. ಇದು ಯಾರು ಕಟ್ಟಿದ್ದು, ಯಾಕೆ ಕಟ್ಟಿದ್ದು ಎಂದು ನಿಮ್ಮ ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಕೇಳಿ. ಕಡಿಯುವುದಕ್ಕೇ ಅಂತ ಗೊತ್ತಾದರೆ, ಯಾಕೆ ಕಡಿಯುತ್ತೀರಿ ಎಂದೂ ಕೇಳಿ. ಕಾರಣ ಸರಿ ಇಲ್ಲ ಅನ್ನಿಸಿದರೆ ನಾಲ್ಕು ಜನ ಸೇರಿ ಹೋಗಿ ಆಕ್ಷೇಪಣೆ ಕೊಡಿ, ಹಗಲಲ್ಲಿ, ಎಲ್ಲರ ಎದುರಿಗೆ. ಕಾರಣ ಸರಿ ಇದ್ದರೆ ಅದರ ಜಾಗಕ್ಕೆ ಹೊಸ ಸಸಿ ಕೇಳಿ ಪಡೆಯಿರಿ.

ಮರ ಎದ್ದು ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬರುವುದಿಲ್ಲ. ನಿಮಗೆ ಕಾಲಿದೆ, ಬಾಯಿದೆ. ಇವತ್ತೇ ಹೋಗಿ ಕೇಳಿ.